ಕುರುಚಲು ಭೂಮಿಯೂ ಅದನ್ನು ನೆಚ್ಚಿರುವ ಚಿಂಕಾರವೂ

ಎರಿಯ ಹೊಲದಲ್ಲಿ ಹಿಂಗಾರಿ ಬಿಳಿಜೋಳವನ್ನು ಬಿತ್ತುವ ಒಕ್ಕಲಿಗನು ಮಸಾರಿಯ ತೆಳುನೆಲಕ್ಕೆ ಸಜ್ಜೆಯನ್ನು ಆರಿಸಿಕೊಳ್ಳುತ್ತಾನೆ. ಯಾವ ಬೆಳೆಗೆ ಎಷ್ಟು ತೇವವೂ ಎಷ್ಟು ಆಳದ ಮಣ್ಣೂ ಬೇಕೆಂಬುದು ತಲೆಮಾರುಗಳ ಅನುಭವದಿಂದ ಅವನಿಗೆ ತಿಳಿದಿರುತ್ತದೆ. ಬಿತ್ತದೆ ಬೆಳೆಯುವ ಗಿಡಗಂಟಿಗಳೂ ಸಾಕದೆ ಬದುಕುವ ಮೃಗಪಕ್ಷಿಗಳೂ ಇದೇ ನಿಯಮಕ್ಕೆ ಒಳಪಟ್ಟವುಗಳೇ ಆಗಿವೆ. ಯಾವ ಜೀವಿಯು ಎಲ್ಲಿ ಇದೆ, ಎಲ್ಲಿ ಇಲ್ಲ, ಇಲ್ಲದಿರುವುದಕ್ಕೆ ಕಾರಣವೇನು ಎಂಬುದನ್ನು ವಿಚಾರಿಸುವ ಶಾಸ್ತ್ರವು ಈಗ ಬಹಳವಾಗಿ ಬೆಳೆದಿದೆ. ಜರ್ಮನಿಯ ಹಂಬೋಲ್ಟ್ ಎಂಬ ವಿದ್ವಾಂಸನು 1802ರಲ್ಲಿ ದಕ್ಷಿಣ ಅಮೇರಿಕೆಯ ಚಿಂಬೊರಾಸೊ ಪರ್ವತವನ್ನು ಏರಿ, ಎತ್ತರವು ಹೆಚ್ಚಿದಂತೆ ಸಸ್ಯಗಳು ಬದಲಾಗುವ ಕ್ರಮವನ್ನು ಚಿತ್ರದಲ್ಲಿ ತೋರಿಸಿದುದು ಇದರ ಮೊದಲ ಮೆಟ್ಟಿಲುಗಳಲ್ಲೊಂದು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ಇದನ್ನು ಕಾಣಲು ಪರ್ವತವನ್ನು ಏರಬೇಕಾಗಿಲ್ಲ. ಕೃಷ್ಣೆಯ ಅಥವಾ ಘಟಪ್ರಭೆಯ ದಂಡೆಯಿಂದ ಕಲ್ಲುಗುಡ್ಡದ ನೆತ್ತಿಗೆ ನಡೆದರೆ ಸಾಕು. ಕೆಳಗೆ ಆಳವಾದ ಎರಿಭೂಮಿ, ನೀರಾವರಿ, ಕಬ್ಬು. ಮೇಲೆ ಕಲಾದಗಿ ಶಿಲಾಸ್ತರಗಳಿಂದಾದ ಬೆಣಚುಗಲ್ಲಿನ ದಿಣ್ಣೆ, ಗೇಣು ಮಣ್ಣು, ಕುರುಚಲು ಜಾಲಿ, ಬಾರಿ, ತಂಗಡಿ, ಬಂದರಿಕೆ ಮತ್ತು ನಡುನಡುವೆ ಹುಲ್ಲು. ಮಳೆಯಾದರೋ ಎರಡಕ್ಕೂ ಸುಮಾರಾಗಿ ಒಂದೇ, ವರ್ಷಕ್ಕೆ 500ರಿಂದ 600 ಮಿಲಿಮೀಟರು. ಬಿದ್ದ ನೀರು ನಿಲ್ಲುವುದೋ ಹರಿದುಹೋಗುವುದೋ ಎಂಬುದರಲ್ಲಿಯೇ ಭೇದವಿರುವುದು.

ಈ ಮೇಲಿನ ಭೂಮಿಯನ್ನು ಜನರು ಸಾಮಾನ್ಯವಾಗಿ ಪಾಳು ಎಂದು ಎಣಿಸುತ್ತಾರೆ. ಆದರೆ ಇಲ್ಲಿಯೇ, ನಾಡಿನಲ್ಲಿ ಬಲು ಅಪೂರ್ವವಾದ ಚಿಂಕಾರವೆಂಬ ಮೃಗವು ವಾಸಿಸುತ್ತದೆ. 2016ರಲ್ಲಿ ಕರ್ನಾಟಕ ಸರ್ಕಾರವು ಬೀಳಗಿ ಮತ್ತು ಮುಧೋಳ ತಾಲೂಕುಗಳಲ್ಲಿ ಹರಡಿರುವ 96.36 ಚದರ ಕಿಲೋಮೀಟರು ಪ್ರದೇಶವನ್ನು ಯಡಹಳ್ಳಿ ಚಿಂಕಾರ ವನ್ಯಜೀವಿಧಾಮವೆಂದು ಘೋಷಿಸಿತು. ಈ ಮೃಗಕ್ಕಾಗಿಯೇ ರಾಜ್ಯದಲ್ಲಿ ಏರ್ಪಟ್ಟ ಮೊದಲನೆಯ ಧಾಮವಿದು. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದ ಧಾಮವು 2019ರಲ್ಲಿ ಅನಂತರ ಬಂದಿತು. ರಾಜಸ್ಥಾನದ ಮರುಭೂಮಿಯಿಂದ ಗುಜರಾತ, ಮಹಾರಾಷ್ಟ್ರಗಳ ಮೂಲಕ ಹಬ್ಬಿರುವ ಇದರ ವಾಸಸ್ಥಾನವು ಕರ್ನಾಟಕದ ಒಣಸೀಮೆಗೆ ಬಂದು ಮುಗಿಯುತ್ತದೆ. ಜೀವಿಯೊಂದರ ನೆಲೆಯ ಅಂಚಿನಲ್ಲಿರುವ ಹಿಂಡುಗಳು ಚಿಕ್ಕವೂ ಚದರಿದವೂ ಆಗಿರುವುದರಿಂದ, ಒಂದು ಗುಡ್ಡದಿಂದ ಅಳಿದರೆ ಬೇರೆಡೆಯಿಂದ ಬಂದು ತುಂಬಿಕೊಳ್ಳುವುದು ಕಷ್ಟಸಾಧ್ಯ.

ಚಿಂಕಾರವನ್ನು ಕೃಷ್ಣಮೃಗವೆಂದು ತಪ್ಪಾಗಿ ತಿಳಿಯುವವರು ಅನೇಕರಿದ್ದಾರೆ. ಕೃಷ್ಣಮೃಗದ ಗಂಡಿಗೆ ತಿರುಪಿನಂತೆ ಸುತ್ತಿದ ಉದ್ದ ಕೊಂಬುಗಳಿದ್ದು ಮೈ ಕಪ್ಪಾಗಿರುತ್ತದೆ. ಅದು ಬಯಲಿನಲ್ಲಿ ದೊಡ್ಡ ಹಿಂಡಾಗಿ ಮೇಯುತ್ತದೆ. ಚಿಂಕಾರವಾದರೋ ಕಂದುಬಣ್ಣದ್ದು, ಸುಮಾರು 65 ಸೆಂಟಿಮೀಟರು ಎತ್ತರದ್ದು, ಕೊಂಬು ಸುತ್ತಿಕೊಳ್ಳದೆ ಕೊಂಚ ಮಾತ್ರ ಬಾಗಿರುತ್ತದೆ. ಹೆಣ್ಣಿಗೂ ಸಣ್ಣ ಕೊಂಬುಗಳುಂಟು. ಒಂಟಿಯಾಗಿಯೋ ಮೂರು ನಾಲ್ಕು ಜೊತೆಗೂಡಿಯೋ ತಿರುಗುತ್ತದೆ. ಎಲೆ, ಕಾಯಿ, ಬಾರಿಹಣ್ಣುಗಳಲ್ಲಿರುವ ರಸದಿಂದಲೂ ಇಬ್ಬನಿಯಿಂದಲೂ ಬಹುದಿನ ನೀರಿಲ್ಲದೆ ಕಾಲ ಕಳೆಯಬಲ್ಲದು. ಆದ್ದರಿಂದ ಇತರ ಮೃಗಗಳು ಒಲ್ಲದ ನೆಲ ಇದಕ್ಕೆ ಅನುಕೂಲವಾಯಿತು. ಇದು ಬೇಡುವುದು ದೂರದಿಂದಲೇ ಶತ್ರುವನ್ನು ಕಂಡು ಓಡಲು ತೆರಪಾದ ನೆಲವನ್ನು. ಮುಧೋಳದ ಬೇಟೆನಾಯಿಯ ನೀಳವಾದ ಕಾಲುಗಳೂ ತೆಳ್ಳನೆಯ ಮೈಯೂ ಇಂಥ ಬಯಲಿನ ಓಟಕ್ಕಾಗಿಯೇ ತಿದ್ದಲ್ಪಟ್ಟವು ಎಂಬುದನ್ನು ನೆನೆದರೆ ಸೀಮೆಯ ಹಿಂದಿನ ಸ್ವರೂಪವು ತಿಳಿದೀತು.

ಇನ್ನು ಇಂಥ ಮೃಗಗಳನ್ನು ಲೆಕ್ಕಹಾಕುವ ಬಗೆ. ಸೀಮೆಯ ನಕ್ಷೆಯನ್ನು ಚೌಕಗಳಾಗಿ ಗೆರೆ ಎಳೆದು, ಚೌಕಗಳಲ್ಲಿ ನೇರವಾದ ದಾರಿಯನ್ನು ಗುರುತಿಸಿ, ಬೆಳಗಿನ ಹೊತ್ತು ನಡೆಯುತ್ತಾರೆ. ಕಂಡ ಪ್ರಾಣಿಯ ಸಂಖ್ಯೆಯನ್ನೂ ದಾರಿಯಿಂದ ಅದಿದ್ದ ದೂರವನ್ನೂ ಬರೆದಿಡುತ್ತಾರೆ. ಹಿಕ್ಕೆ, ಹೆಜ್ಜೆಗಳನ್ನೂ ನೋಡುತ್ತಾರೆ. ತಾವಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾಗಳನ್ನು ಕಟ್ಟುತ್ತಾರೆ. ಕುರಿ ಕಾಯುವವರನ್ನು ವಿಚಾರಿಸುತ್ತಾರೆ. ಮುಖ್ಯವಾದ ಮಾತೇನೆಂದರೆ, ಕಾಣಲಿಲ್ಲವೆಂಬುದರಿಂದ ಇಲ್ಲವೆಂದು ಹೇಳಲಾಗದು. ಬೆಳೆಯಲ್ಲಿ ಕಾಯಿಕೊರಕ ಹುಳವು ಒಂದು ದಿನ ಕಣ್ಣಿಗೆ ಬೀಳದಿದ್ದರೆ ಹೊಲವು ಶುದ್ಧವೆಂದು ಯಾರೂ ನಂಬುವುದಿಲ್ಲವಷ್ಟೆ. ಅದೇ ಚೌಕಕ್ಕೆ ಹಲವು ಬಾರಿ ಹೋಗಿ, ಎಷ್ಟು ಸಲ ಕಂಡಿತು, ಎಷ್ಟು ಸಲ ಕಾಣಲಿಲ್ಲ ಎಂಬುದರಿಂದ, ಇದ್ದೂ ತಪ್ಪಿಸಿಕೊಂಡಿರುವ ಸಂಭವವನ್ನು ಗಣಿತದಿಂದ ಕಂಡುಹಿಡಿಯುತ್ತಾರೆ.

ನೀರು ಬಂದಂತೆ ಜೀವಿಗಳ ನೆಲೆಯೂ ಕದಲುತ್ತದೆ. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣವನ್ನೂ ಶ್ರಮವನ್ನೂ ಕೂಡಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದುದು ಪ್ರಸಿದ್ಧವಾಗಿದೆ. ಇಂಥ ಕೆಲಸಗಳಿಂದ ಒಕ್ಕಲುತನಕ್ಕೆ ಆದ ಉಪಕಾರವು ನಿರ್ವಿವಾದ. ಆದರೆ ಎತ್ತರವಾಗಿ ಒತ್ತಾಗಿ ನಿಲ್ಲುವ ಕಬ್ಬು ಕಾಡುಹಂದಿಗೂ ನರಿಗೂ ಮರೆಯಾಗುತ್ತದೆ, ಚಿಂಕಾರಕ್ಕೆ ಗೋಡೆಯಾಗುತ್ತದೆ. ಆಲಮಟ್ಟಿಯ ಹಿನ್ನೀರಿಗೆ ಚಳಿಗಾಲದಲ್ಲಿ ರಾಜಹಂಸಗಳೂ ಮಧ್ಯ ಏಷ್ಯದಿಂದ ಪಟ್ಟೆತಲೆಯ ಹೆಬ್ಬಾತುಗಳೂ ಬಂದಿಳಿಯುವುದೂ ಇದೇ ಬದಲಾವಣೆಯ ಇನ್ನೊಂದು ಮುಖ.

ಬಳ್ಳಾರಿ ಜಾಲಿಯ ವಿಷಯವನ್ನು ಬೇರೆಯಾಗಿ ಹೇಳಬೇಕು. ಅಮೇರಿಕಾ ಖಂಡದಿಂದ 19ನೆಯ ಶತಮಾನದಲ್ಲಿ ತಂದ ಈ ಗಿಡದ ಕಾಯಿಯನ್ನು ದನ-ಆಡುಗಳು ತಿಂದು, ಬೀಜವನ್ನು ಸಗಣಿ-ಹಿಕ್ಕೆಗಳಲ್ಲಿ ಹೋದಲ್ಲೆಲ್ಲ ಬಿತ್ತುತ್ತವೆ. ಅದು ಹೊದರಾಗಿ ಕವಿದಲ್ಲಿ ಹುಲ್ಲು ಏಳದು. ಊರ ದನಕ್ಕೂ ಮೇವಿಲ್ಲ, ಚಿಂಕಾರಕ್ಕೂ ತೆರಪಿಲ್ಲ. ಗುಡ್ಡವು ಹಸಿರಾಗಲೆಂಬ ಒಳ್ಳೆಯ ಬುದ್ಧಿಯಿಂದ ಕುರುಚಲು ನೆಲದಲ್ಲಿ ಒತ್ತಾಗಿ ಮರಗಳನ್ನು ನೆಡುವುದರಿಂದಲೂ ಫಲವು ಬಹುಮಟ್ಟಿಗೆ ಹೀಗೆಯೇ ಆಗುವುದು. ಊರಿನ ಗೋಮಾಳದಲ್ಲಿ ಸಸಿಗಳನ್ನು ಹಾಕಿಸುವ ಮೊದಲು ಅಲ್ಲಿ ಏನು ಮೇಯುತ್ತಿದೆ ಎಂಬುದನ್ನು ಕುರಿಗಾರರಿಂದ ಕೇಳಿಕೊಳ್ಳುವುದು ಲೇಸು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಚಿಂಕಾರವು ಸೇರಿರುವುದರಿಂದ ಅದರ ಬೇಟೆಯು ದಂಡನೀಯ. ಸಾಕುನಾಯಿಗಳನ್ನು, ವಿಶೇಷವಾಗಿ ಬೇಟೆನಾಯಿಗಳನ್ನು, ಮರಿ ಇರುವ ಕಾಲದಲ್ಲಿ ಗುಡ್ಡಕ್ಕೆ ಸಡಿಲ ಬಿಡತಕ್ಕದ್ದಲ್ಲ. ಊರಿನ ಗೌಡರು, ಜಮೀನುದಾರರು ಮೃಗವನ್ನು ಕಂಡಲ್ಲಿ ದಿನಾಂಕ, ಹೊತ್ತು, ಹೊಲದ ಅಥವಾ ಗುಡ್ಡದ ಹೆಸರು, ಕಂಡವುಗಳ ಸಂಖ್ಯೆ, ಕೊಂಬು ನೆಟ್ಟಗಿತ್ತೋ ಸುತ್ತಿಕೊಂಡಿತ್ತೋ ಎಂಬಿಷ್ಟನ್ನು ಬರೆದು ಹತ್ತಿರದ ಅರಣ್ಯಾಧಿಕಾರಿಗೆ ತಲುಪಿಸಿದರೆ ನಕ್ಷೆಯ ಒಂದು ಚೌಕವು ತುಂಬುತ್ತದೆ. ಕಾಣದಿದ್ದ ದಿನಗಳನ್ನೂ ಬರೆದಿಡತಕ್ಕದ್ದು.