ಗಾಡಿ ಕೂಗಿದಾಗ ಹಾಡಿನ ಸೌಂಡು ಜಾಸ್ತಿ ಮಾಡಿದೆ

ಇವತ್ತು ರಾಜಕೀಯ ಬೇಡ. ಇವತ್ತು ನಾನೇ ಮಾಡಿದ ಒಂದು ತಪ್ಪಿನ ಬಗ್ಗೆ ಮಾತಾಡೋಣ.

ಕಾರಹುಣ್ಣಿಮೆಗೆ ಊರಿಗೆ ಹೋಗಿದ್ದೆ. ನಮ್ಮೂರು ಹಾವೇರಿ ತಾಲ್ಲೂಕಿನ ಕರ್ಜಗಿ. ಕಾರಹುಣ್ಣಿಮೆಯ ಬಂಡಿ ಉತ್ಸವ ಅಂದ್ರೆ ನಮ್ಮೂರಿನವರು ಎಲ್ಲಿದ್ದರೂ ಮನಸ್ಸು ಅಲ್ಲೇ ಇರುತ್ತೆ. ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು, ತುಮಕೂರು, ಚಿತ್ರದುರ್ಗ, ದಾವಣಗೆರೆ, ರಾಣೆಬೆನ್ನೂರು ದಾಟಿ ಹಾವೇರಿ. ಮುನ್ನೂರು ಚಿಲ್ಲರೆ ಕಿಲೋಮೀಟರ್. ನಾನೊಬ್ಬಳೇ ಕಾರು ಓಡಿಸಿಕೊಂಡು ಹೋದೆ.

ಬ್ರೇಕ್ ಒತ್ತಿದಾಗಲೆಲ್ಲ ಮುಂದಿನ ಚಕ್ರದಿಂದ ಕೀಂಯ್ ಅನ್ನೋ ಸದ್ದು ಬರ್ತಿತ್ತು. ಅವತ್ತೇ ಶುರುವಾದದ್ದಲ್ಲ, ಒಂದು ತಿಂಗಳಿಂದ ಇತ್ತು. ನಾನೇನು ಮಾಡಿದೆ ಗೊತ್ತಾ? ಹಾಡಿನ ಸೌಂಡು ಜಾಸ್ತಿ ಮಾಡಿದೆ. ನಾನು ಎಂಜಿನಿಯರಿಂಗ್ ಓದಿದವಳು, ಘರ್ಷಣೆಯ ಲೆಕ್ಕ ಬರೆದು ಪಾಸಾದವಳು. ಇದೇ ಸ್ಟುಡಿಯೋದಲ್ಲಿ ಕೂತು ಅಪಘಾತದ ಸುದ್ದಿ ಓದಿ, ನಿಮಗೆಲ್ಲ ಎಚ್ಚರಿಕೆಯ ಮಾತು ಹೇಳಿದವಳು.

ಹಾವೇರಿ ದಾಟಿ ಊರಿನ ದಾರಿಗೆ ತಿರುಗಿದ ಮೇಲೆ, ಮೇವಿನ ಹೊರೆ ಹೊತ್ತ ಒಬ್ಬ ಅಜ್ಜಿ ರಸ್ತೆ ದಾಟುತ್ತಿದ್ದಳು. ಬ್ರೇಕ್ ಒತ್ತಿದೆ. ಕೀಂಯ್ ಅನ್ನೋ ಸದ್ದು ಗರಗರ ಅಂತಾಯ್ತು. ಕಾರು ನಿಂತಿತು. ಆದರೆ ಎಲ್ಲಿ ನಿಲ್ಲುತ್ತೆ ಅಂದ್ಕೊಂಡಿದ್ದೆನೋ ಅಲ್ಲಿ ನಿಲ್ಲಲಿಲ್ಲ. ಅಜ್ಜಿಗೂ ಬಂಪರ್‌ಗೂ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಅವಳು ತಿರುಗಿ ನೋಡಿ ಏನೂ ಅನ್ನದೆ ಹೋದಳು. ಬೈದಿದ್ದರೆ ಸಮಾಧಾನ ಆಗ್ತಿತ್ತು.

ಮನೆ ಮುಂದೆ ಕಾರು ನಿಲ್ಲಿಸುವಾಗ ಕಾಕಾ ಕೇಳಿದರು, 'ಯವ್ವಾ, ನಿನ್ ಗಾಡಿ ಯಾಕ ಅಳಾಕತ್ತೈತಿ?'

ಮರುದಿನ ಮೇಸ್ತ್ರಿ ಚಕ್ರ ಬಿಚ್ಚಿ ಬ್ರೇಕ್ ಪ್ಯಾಡ್ ಕೈಗಿಟ್ಟ. ಒಂದು ಕಡೆಯದು ಪೂರ್ತಿ ಸವೆದು ಬರೀ ಕಬ್ಬಿಣದ ತಗಡು ಉಳಿದಿತ್ತು. ಡಿಸ್ಕಿನ ಮೇಲೆ ನೇಗಿಲು ಹೊಡೆದಂಗೆ ಗೆರೆಗಳು. 'ಅಕ್ಕಾರ, ಇದು ನಿನ್ನೆ ಮೊನ್ನೆ ಸಪ್ಪಳ ಅಲ್ರಿ. ಭಾಳ ದಿನದಿಂದ ಕೂಗಾಕತ್ತಿರಬೇಕು, ನೀವ್ ಕೇಳಿಲ್ರಿ' ಅಂದ. ಪ್ಯಾಡಿನಲ್ಲಿ ಮುಗಿಯೋ ಖರ್ಚು ಡಿಸ್ಕಿನವರೆಗೂ ಹೋಯ್ತು. ಹೋಗಲಿ, ದುಡ್ಡಿನ ಲೆಕ್ಕ ಅಷ್ಟೇ ಅದು. ಆ ಒಂದು ಮೊಳದ ಲೆಕ್ಕ ಇನ್ನೂ ತಲೆಯಿಂದ ಹೋಗಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಆ ಕೀಂಯ್ ಸದ್ದು ಕೆಟ್ಟುಹೋದದ್ದರ ಲಕ್ಷಣ ಅಲ್ಲ. ತುಂಬಾ ಪ್ಯಾಡ್‌ಗಳಲ್ಲಿ ಒಂದು ಸಣ್ಣ ಲೋಹದ ನಾಲಿಗೆಯನ್ನು ಬೇಕಂತಲೇ ಇಟ್ಟಿರ್ತಾರೆ. ಪ್ಯಾಡ್ ಹೊಸದಿದ್ದಾಗ ಅದರ ದಪ್ಪ ಸುಮಾರು 10 ಮಿಲಿಮೀಟರ್. ಅದು ಸವೆದು 2–3 ಮಿಲಿಮೀಟರ್‌ಗೆ ಬಂದಾಗ ಆ ನಾಲಿಗೆ ಡಿಸ್ಕಿಗೆ ತಾಗಿ ಕೂಗುತ್ತೆ. ಅಂದ್ರೆ ಅದು ನಿಮ್ಮನ್ನ ಕರೀತಿದೆ. ರಾತ್ರಿ ಮಳೆ ಬಂದು ಬೆಳಿಗ್ಗೆ ಒಂದೆರಡು ಸಲ ಕೂಗಿ ಸುಮ್ಮನಾದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ಗಾಬರಿ ಬೇಡ. ದಿನಾ ಕೂಗಿದರೆ ಮೇಸ್ತ್ರಿಗೆ ತೋರಿಸಿ. ಗರಗರ ಅಂದ್ರೆ ತಡವಾಗಿದೆ, ಆ ಗಾಡಿಯನ್ನ ಹೆದ್ದಾರಿಗೆ ಇಳಿಸಬೇಡಿ.

ಕಿವಿಗೆ ಕೇಳಿಸದ ಲಕ್ಷಣಗಳೂ ಇವೆ, ಅವು ಕಾಲಿಗೆ ಗೊತ್ತಾಗ್ತವೆ. ಪೆಡಲ್ ಮೊದಲಿಗಿಂತ ಆಳಕ್ಕೆ ಹೋಗ್ತಿದೆಯಾ, ಸ್ಪಂಜಿನ ಹಾಗೆ ಮೆತ್ತಗಾಗಿದೆಯಾ? ಆಯಿಲ್ ಸೋರ್ತಿರಬಹುದು ಅಥವಾ ಪೈಪಿನಲ್ಲಿ ಗಾಳಿ ಸೇರಿರಬಹುದು. ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆದರೆ ಎರಡು ಚಕ್ರಗಳ ಬ್ರೇಕ್ ಸಮನಾಗಿ ಹಿಡೀತಿಲ್ಲ. ಪೆಡಲ್ ಅಥವಾ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಎಲ್ಲ ಕಡೆ ಒಂದೇ ದಪ್ಪ ಉಳಿದಿಲ್ಲ. ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಪ್ಯಾಡ್ ಸವೆದ ಹಾಗೆಲ್ಲ ಅದರ ಮಟ್ಟ ನಿಧಾನವಾಗಿ ಇಳಿಯುತ್ತೆ. ದಿಢೀರ್ ಅಂತ ಇಳಿದರೆ ಸೋರಿಕೆ. ಬರೀ ಆಯಿಲ್ ತುಂಬಿಸಿ ಮುಚ್ಚಳ ಹಾಕಿದರೆ ಕಾರಣ ಒಳಗೇ ಉಳಿಯುತ್ತೆ.

ಈ ಆಯಿಲ್ ಗಾಳಿಯಲ್ಲಿರೋ ತೇವ ಹೀರುತ್ತೆ. ಡಾಟ್ 4 ಅನ್ನೋ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನೋದು ನಿಯಮ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ನಮ್ಮ ಕಡೆಯವರು ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲಾ, ಗೋಕರ್ಣಕ್ಕೆ ಹೋಗ್ತಾರಲ್ಲ, ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಇಳಿದರೆ ಬಿಸಿ ಏರಿ ಹಳೇ ಆಯಿಲ್ ಒಳಗೇ ಕುದಿಯಬಹುದು. ಆಗ ಪೆಡಲ್ ಒತ್ತಿದರೂ ಒತ್ತಡ ಚಕ್ರ ಮುಟ್ಟೋದಿಲ್ಲ. ಅದಕ್ಕೇ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ ಅಂತಾರೆ. ಘಟ್ಟ ಇಳಿಯುವಾಗ ಎರಡನೇ, ಮೂರನೇ ಗೇರಿನಲ್ಲಿ ಎಂಜಿನ್ನೇ ಗಾಡಿ ಹಿಡಿಯಲಿ. ಸುಟ್ಟ ವಾಸನೆ ಬಂತಾ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಆರೋಕೆ ಬಿಡಿ.

ಇಷ್ಟೊಂದು ಬಿಸಿ ಎಲ್ಲಿಂದ ಬರುತ್ತೆ? 1,200 ಕಿಲೋ ತೂಕದ ಕಾರನ್ನ 100 ಕಿಲೋಮೀಟರ್ ವೇಗದಿಂದ ಒಂದು ಸಲ ನಿಲ್ಲಿಸಿದರೆ ಹುಟ್ಟೋ ಶಾಖ, ಸುಮಾರು ಒಂದೂವರೆ ಲೀಟರ್ ತಣ್ಣೀರಿಗೆ ಕುದಿ ಬರಿಸುವಷ್ಟು. ಒಂದು ಸಲ ಬ್ರೇಕ್ ಹಾಕಿದರೆ ಒಂದು ಪಾತ್ರೆ ಚಹಾ! ಇನ್ನು ದೂರದ ಲೆಕ್ಕ. 100ರ ವೇಗದಲ್ಲಿ ಕಾರು ಸೆಕೆಂಡಿಗೆ 28 ಮೀಟರ್ ಓಡುತ್ತೆ. ಕಣ್ಣು ನೋಡಿ, ಕಾಲು ಪೆಡಲಿಗೆ ಬರೋಕೆ ಒಂದೂವರೆ ಸೆಕೆಂಡ್ ಹಿಡಿದರೆ 42 ಮೀಟರ್ ಹೋಗೇಹೋಯ್ತು. ಆಮೇಲೆ ಒಣ ರಸ್ತೆ, ಒಳ್ಳೇ ಬ್ರೇಕ್ ಇದ್ದರೂ ಇನ್ನೊಂದು 55 ಮೀಟರ್. ಒಟ್ಟು ನೂರು ಮೀಟರ್ ಹತ್ತಿರ. ಅದೇ 50ರ ವೇಗದಲ್ಲಿ 35 ಮೀಟರ್ ಸಾಕು. ವೇಗ ಎರಡು ಪಟ್ಟಾದರೆ ದೂರ ಎರಡು ಪಟ್ಟಲ್ಲ, ಹತ್ತಿರಹತ್ತಿರ ಮೂರು ಪಟ್ಟು.

2024ರ ಜೂನ್ 28ರ ಬೆಳಗಿನ ಜಾವ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ಇದೇ ಹೆದ್ದಾರಿಯಲ್ಲಿ, ನಿಂತಿದ್ದ ಲಾರಿಗೆ ಮಿನಿ ಬಸ್ ಡಿಕ್ಕಿ ಹೊಡೆದು 13 ಜನ ಸತ್ತರು. ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯವರು, ದೇವರ ದರ್ಶನ ಮುಗಿಸಿ ಊರಿಗೆ ಮರಳ್ತಿದ್ದವರು. ಅದಕ್ಕೆ ಬ್ರೇಕ್ ಕಾರಣ ಅಂತ ನಾನು ಹೇಳ್ತಿಲ್ಲ. ಆ ರಸ್ತೆಯಲ್ಲಿ ಎದುರಿಗೆ ಏನು ನಿಂತಿರುತ್ತೋ ಗೊತ್ತಿರೋದಿಲ್ಲ, ಅಷ್ಟೇ. ಆಗ ಉಳಿಯೋದು ನಿಮ್ಮ ವೇಗ, ನಿಮ್ಮ ಎಚ್ಚರ, ನಿಮ್ಮ ಬ್ರೇಕ್.

ಅವತ್ತು ಸಂಜೆ ಮನೆಗೆ ಬಂದರೆ ಕಾಕಾನ ಮಗ ಕಟ್ಟೆ ಮೇಲೆ ಕಾಲು ಚಾಚಿಕೊಂಡು ಕೂತಿದ್ದ. ಏಳೋಕೂ ಆಗ್ತಿರಲಿಲ್ಲ. ಪೇಟೆಯ ಒಂದು ಜಿಮ್ಮಿಗೆ ಸೇರಿ ನಾಲ್ಕು ದಿನ ಆಗಿತ್ತು. 'ಅಕ್ಕಾ, ನೋವಾದ್ರನ ಮೈ ಬರ್ತೈತಿ ಅಂತಾರ ನಮ್ ಸರ್' ಅಂದ. ವರ್ಷದ ಫೀ ಒಟ್ಟಿಗೇ ಕಟ್ಟಿಸಿಕೊಂಡಿದ್ದರು. ಲೇಬಲ್ ಸರಿಯಿಲ್ಲದ ಒಂದು ಡಬ್ಬಿ ಪೌಡರನ್ನೂ ಮಾರಿದ್ದರು.

ನಾನು ಒಂದೇ ಪ್ರಶ್ನೆ ಕೇಳಿದೆ. 'ನಿಮ್ಮಪ್ಪಗ ಹಾರ್ಟ್ ಅಟ್ಯಾಕ್ ಆಗಿದ್ದು ಅವರಿಗೆ ಹೇಳಿಯೇನು?' 'ಅವ್ರು ಕೇಳೇ ಇಲ್ಲ' ಅಂದ.

ಕಾಕಾಗೆ ಸ್ಟೆಂಟ್ ಹಾಕಿದಾಗ ಐವತ್ತು ವರ್ಷ. ತಂದೆ ಅಥವಾ ಅಣ್ಣತಮ್ಮಂದಿರಿಗೆ 55ರ ಒಳಗೆ, ತಾಯಿ ಅಥವಾ ಅಕ್ಕತಂಗಿಯರಿಗೆ 65ರ ಒಳಗೆ ಹೃದಯದ ಕಾಯಿಲೆ ಬಂದಿದ್ದರೆ ನಾವೂ ಹುಷಾರಾಗಿರಬೇಕು ಅಂತ ವೈದ್ಯರು ಹೇಳ್ತಾರೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ ಜಿಮ್ಮಿಗೆ ಹೋಗೋದೇ ಅಪಾಯ ಅಂತ ಎಷ್ಟೋ ಜನ ಮಾತಾಡಿದರು. ಅದು ತಪ್ಪು ಪಾಠ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗೋ ಹಾಗೆ ನಡೀರಿ, ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಕೆಲಸ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ವ್ಯಾಯಾಮ ಬೇಕೇ ಬೇಕು. ನಮ್ಮ ಮೈಯ ಸ್ಥಿತಿ ತಿಳಿಯದೆ ಓಡಿಸಬಾರದು, ಅಷ್ಟೇ.

ಹಾಗಾದ್ರೆ ಜಿಮ್ ಆರಿಸೋದು ಹೇಗೆ? ಕನ್ನಡಿ, ಲೈಟು, ಹಾಡು ನೋಡಿ ಮರುಳಾಗಬೇಡಿ. ನೀವು ದಿನಾ ಹೋಗೋ ಹೊತ್ತಿಗೇ ಒಂದು ದಿನ ಹೋಗಿ ನಿಂತು ನೋಡಿ. ಗಾಳಿ ಆಡುತ್ತಾ? ಕೇಬಲ್ ನಾರು ಬಿಟ್ಟಿದೆಯಾ? ಭಾರ ಎತ್ತೋ ಹೊಸಬನ ಪಕ್ಕದಲ್ಲಿ ಯಾರಾದರೂ ಇದ್ದಾರಾ, ಅಥವಾ ಟ್ರೇನರ್ ಮೊಬೈಲ್ ನೋಡ್ತಿದ್ದಾನಾ? ಹೆಣ್ಣುಮಕ್ಕಳು ಅಲ್ಲಿ ನಿರಾಳವಾಗಿ ವ್ಯಾಯಾಮ ಮಾಡ್ತಿದ್ದಾರಾ? ಟ್ರೇನರ್ ಎಲ್ಲಿ ಕಲಿತದ್ದು ಅಂತ ಕೇಳಿ. ನೀವು ಕೇಳೋದಕ್ಕಿಂತ ಮೊದಲು ಅವನೇ ನಿಮ್ಮ ಬಿಪಿ, ಶುಗರ್, ಹಳೇ ಪೆಟ್ಟು, ಮನೆತನದ ಕಾಯಿಲೆ ಕೇಳಿದರೆ ಆ ಜಿಮ್ ಒಳ್ಳೇದು. ಮೊದಲ ತಿಂಗಳಿಗೆ ಮಾತ್ರ ದುಡ್ಡು ಕಟ್ಟಿ, ರಸೀದಿ ತಗೊಳ್ಳಿ. ಮನೆಗೆ ಹತ್ತಿರ ಇರೋ ಸಾದಾ ಜಿಮ್ಮು ದೂರದ ಹವಾನಿಯಂತ್ರಿತ ಜಿಮ್ಮಿಗಿಂತ ಮೇಲು, ಯಾಕಂದ್ರೆ ನೀವು ಹೋಗ್ತೀರಿ! ಪೌಡರ್ ಡಬ್ಬಿ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಲೈಸೆನ್ಸ್ ನಂಬರ್ ಇಲ್ಲದಿದ್ದರೆ ವಾಪಸ್ ಕೊಡಿ. ಇಂಜೆಕ್ಷನ್ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ. ಕಡಲೆ, ಹೆಸರು, ಹಾಲು, ಮೊಟ್ಟೆಯಲ್ಲೂ ಪ್ರೋಟೀನ್ ಇದೆ.

ಮೈ ಕೂಡ ಕೂಗುತ್ತೆ. ಹೊಸ ವ್ಯಾಯಾಮದ ಮಾರನೇ ದಿನ ಮೈಕೈ ನೋವು ಸಹಜ, ಮಳೆ ಮಾರನೇ ದಿನದ ಬ್ರೇಕ್ ಸದ್ದಿನ ಹಾಗೆ. ಆದರೆ ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯೋ ನೋವು, ತಣ್ಣನೆ ಬೆವರು, ತಲೆಸುತ್ತು ಬಂದರೆ ಇನ್ನೊಂದು ಸೆಟ್ ಮುಗಿಸ್ತೀನಿ ಅನ್ನಬೇಡಿ. ಅಲ್ಲೇ ಕೂತು 108ಕ್ಕೆ ಫೋನ್ ಮಾಡಿಸಿ. ವಿಪರೀತ ನೋವಿನ ಜೊತೆ ಮೂತ್ರ ಕರಿ ಚಹಾದ ಬಣ್ಣಕ್ಕೆ ತಿರುಗಿದರೂ ಅವತ್ತೇ ಆಸ್ಪತ್ರೆಗೆ ಹೋಗಿ. ಸ್ನಾಯು ಒಡೆದು ಕಿಡ್ನಿಗೆ ಹೊರೆಯಾಗ್ತಿದೆ ಅಂತ ಅರ್ಥ.

ತಮ್ಮನನ್ನ ಮರುದಿನವೇ ಡಾಕ್ಟರ್ ಹತ್ತಿರ ಕರ್ಕೊಂಡು ಹೋದ್ವಿ. ಇಪ್ಪತ್ತಾರು ವರ್ಷದ ಹುಡುಗನ ಬಿಪಿ 150/100. ಅವನಿಗೆ ಒಂದು ದಿನವೂ ತಲೆ ಸುತ್ತಿರಲಿಲ್ಲ, ಏನೂ ಗೊತ್ತೇ ಇರಲಿಲ್ಲ. ಇಸಿಜಿ ಸರಿಯಿತ್ತು. ಮೊದಲು ಬಿಪಿ ಹಿಡಿತಕ್ಕೆ ಬರಲಿ, ಅಲ್ಲಿವರೆಗೂ ನಡಿಗೆ ಸಾಕು ಅಂದರು ಡಾಕ್ಟರು. ಈಗ ಬೇರೆ ಜಿಮ್ಮಿಗೆ ಹೋಗ್ತಾನೆ, ತಿಂಗಳ ಲೆಕ್ಕದಲ್ಲಿ. ಹಳೇ ಫೀ ವಾಪಸ್ ಬರಲಿಲ್ಲ.

ಹೊರಡೋ ದಿನ ಕಾಕಾ ಎತ್ತುಗಳಿಗೆ ನೀರು ಕುಡಿಸ್ತಾ ಹೇಳಿದ್ರು, 'ಹೋರಿ ಪಳಗಿಸುವಾಗ ಓಡೋದ್ ಯಾರೂ ಕಲಸೂದಿಲ್ಲವಾ, ಅದಕ್ಕ ಬರ್ತೈತಿ. ಹೋ ಅಂದ್ರ ನಿಲ್ಲೂದು ಕಲಸಬೇಕು.'

ನಾಳೆ ಬೆಳಿಗ್ಗೆ ಕಾರು ತೆಗೆದಾಗ ಐದು ನಿಮಿಷ ಹಾಡು ಹಾಕಬೇಡಿ. ಕಿಟಕಿ ಇಳಿಸಿ, ನಾಲ್ಕು ಸಲ ಬ್ರೇಕ್ ಒತ್ತಿ, ಕೇಳಿ. ಈ ವಾರ ಮನೆಯಲ್ಲಿ ಎಲ್ಲರ ಬಿಪಿ ಒಮ್ಮೆ ನೋಡಿಸಿ.