ಹಳೆಯ ಘಟಕ, ಹೊಸ ರಾಕೆಟ್ಟು
ದೊಡ್ಡ ತಂತ್ರಾಂಶವನ್ನು ಯಾರೂ ಪೂರ್ತಿಯಾಗಿ ಹೊಸದಾಗಿ ಬರೆಯುವುದಿಲ್ಲ, ವಿದ್ಯಾರ್ಥಿಗಳೇ. ಮೊದಲೇ ಸಿದ್ಧವಾದ ಘಟಕಗಳನ್ನು ತಂದು ಜೋಡಿಸುತ್ತಾರೆ. ಘಟಕವು ಏನನ್ನು ಸ್ವೀಕರಿಸಿ ಏನನ್ನು ಕೊಡುವುದೆಂಬ ಕರಾರು ತಿಳಿದರೆ ಸಾಕು, ಒಳಗನ್ನು ಕೆದಕಬೇಕಾಗಿಲ್ಲ. ಆದರೆ ಕರಾರಿನಲ್ಲಿ ಘಟಕದ ಮಿತಿಯೂ ಸೇರಿರಬೇಕೆಂದು ನಾವು ಒತ್ತಿ ಹೇಳುತ್ತೇವೆ.

1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಯುರೋಪಿನ ಏರಿಯಾನ್ 5 ರಾಕೆಟ್ಟು ಪ್ರಥಮ ಬಾರಿಗೆ ಹಾರಿತು. ಅದರ ನೆಲೆ-ದಿಕ್ಕುಗಳನ್ನು ಅರಿಯುವ ತಂತ್ರಾಂಶವನ್ನು ಏರಿಯಾನ್ 4ರಿಂದ ಎತ್ತಿಕೊಂಡಿದ್ದರು. ಅಲ್ಲಿ ಅದು ಚೆನ್ನಾಗಿಯೇ ದುಡಿದಿತ್ತು. ಅಡ್ಡವೇಗಕ್ಕೆ ಸಂಬಂಧಿಸಿದ ಸಂಖ್ಯೆಯನ್ನಿಡಲು ಅದರಲ್ಲಿದ್ದುದು 16 ಬಿಟ್ಟುಗಳ ಎಡೆ. 32,767ನ್ನು ಮೀರಿದ್ದು ಅಲ್ಲಿ ಹಿಡಿಯದು. ಹೊಸ ರಾಕೆಟ್ಟಿನ ಅಡ್ಡವೇಗ ಬಹಳ ಹೆಚ್ಚು. ಸಂಖ್ಯೆ ಮಿತಿ ಮೀರಿತು, ಘಟಕ ಸ್ತಬ್ಧವಾಯಿತು. ಆಪತ್ತಿಗೆಂದಿಟ್ಟ ಎರಡನೆಯ ಯಂತ್ರದಲ್ಲಿಯೂ ಅದೇ ತಂತ್ರಾಂಶ! ಸುಮಾರು 40 ಸೆಕೆಂಡುಗಳಲ್ಲಿ ನಾಲ್ಕು ಉಪಗ್ರಹಗಳೊಡನೆ ರಾಕೆಟ್ಟು ಸಿಡಿಯಿತು. ನೆಲ ಬಿಟ್ಟ ಮೇಲೆ ಆ ಲೆಕ್ಕವು ಅದಕ್ಕೆ ಬೇಕಾಗಿಯೇ ಇರಲಿಲ್ಲ.