ಅಜ್ಜಿ ಹಿಟ್ಟನ್ನು ಬಾಟಲಿಗೆ ತುಂಬಿರಲಿಲ್ಲ

ಮನೆಯಲ್ಲೇ ಬೇಬಿ ವಾಷ್ ಮಾಡುವುದನ್ನು ಕಲಿಸುವ ವೀಡಿಯೊಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚಿನವು. ರಾತ್ರಿ ನೆನೆಹಾಕಿದ ಅಂಟುವಾಳವನ್ನು ಬೆಳಿಗ್ಗೆ ಸ್ಟೀಲ್ ಪಾತ್ರೆಯಲ್ಲಿ ಕುದಿಸುತ್ತಾರೆ, ಆರಿದ ಮೇಲೆ ಕೈಯಲ್ಲಿ ಕಿವುಚಿ ನೊರೆ ಬರಿಸುತ್ತಾರೆ, ತೆಳು ಬಟ್ಟೆಯಲ್ಲಿ ಸೋಸುತ್ತಾರೆ. ಅದಕ್ಕೆ ಲೋಳೆಸರದ ತಿರುಳು, ಓಟ್ಸ್ ಗಂಜಿ, ನಾಲ್ಕು ತೊಟ್ಟು ಲ್ಯಾವೆಂಡರ್ ಎಣ್ಣೆ, ಒಡೆದು ಹಿಂಡಿದ ಒಂದು ವಿಟಮಿನ್ ಇ ಕ್ಯಾಪ್ಸೂಲ್. ಕೊನೆಗೆ ಪಂಪ್ ಇರುವ ಬಾಟಲಿಗೆ ತುಂಬಿ, ಕತ್ತಿಗೆ ಸೆಣಬಿನ ದಾರ ಸುತ್ತಿ, ಕ್ಯಾಮೆರಾ ಮುಂದೆ ಹಿಡಿದು ಹೇಳುತ್ತಾರೆ: "ಕೆಮಿಕಲ್ ಇಲ್ಲ, ಪ್ರಿಸರ್ವೇಟಿವ್ ಇಲ್ಲ, ಎರಡು ತಿಂಗಳು ಆರಾಮಾಗಿ ಬರುತ್ತೆ."

ಕೆಮಿಕಲ್ ಮಾತು ಹಾಗಿರಲಿ. ನನ್ನ ತಾಳ್ಮೆ ತಪ್ಪುವುದು ಉಳಿದೆರಡು ಮಾತಿಗೆ. ಪ್ರಿಸರ್ವೇಟಿವ್ ಇಲ್ಲವಂತೆ, ಎರಡು ತಿಂಗಳು ಬರುತ್ತದಂತೆ. ಎರಡರಲ್ಲಿ ಒಂದನ್ನು ಬೇಕಾದರೆ ನಂಬಬಹುದು, ಎರಡನ್ನೂ ಒಟ್ಟಿಗೆ ನಂಬಲಾಗದು. ನೀರು, ಗಂಜಿ, ಗಿಡದ ಲೋಳೆ. ಬ್ಯಾಕ್ಟೀರಿಯಾಕ್ಕೆ ಇದಕ್ಕಿಂತ ಒಳ್ಳೆಯ ಊಟ ಇನ್ನೇನು ಬೇಕು? ರಾತ್ರಿ ರುಬ್ಬಿಟ್ಟ ದೋಸೆಹಿಟ್ಟು ಬೆಳಗಾಗುವುದರೊಳಗೆ ಉಕ್ಕಿ ಕಟ್ಟೆಗೆ ಇಳಿದದ್ದನ್ನು ಒರೆಸಿದ ಕೈಯೇ ಓಟ್ಸ್ ಗಂಜಿಯನ್ನು ಬಾಟಲಿಗೆ ತುಂಬಿ, ಬಚ್ಚಲಮನೆಯ ಬೆಚ್ಚನೆಯ ಹಬೆಯಲ್ಲಿ ವಾರಗಟ್ಟಲೆ ಇಡುತ್ತದೆ. ಹಿಟ್ಟು ಹುದುಗುತ್ತದಂತೆ, ಇದು ಮಾತ್ರ ಹುದುಗುವುದಿಲ್ಲವಂತೆ.

ಹೀಗೆಂದರೆ ಸಮಜಾಯಿಷಿಗಳು ಸಾಲಾಗಿ ಬರುತ್ತವೆ. "ಕುದಿಸಿದ್ದೀವಲ್ಲ" ಎಂಬುದು ಮೊದಲನೆಯದು. ಕುದಿಸಿದಾಗ ಇದ್ದದ್ದರಲ್ಲಿ ಬಹುಪಾಲು ಸತ್ತಿತು, ಸರಿ. ಆಮೇಲೆ ಕಿವುಚಿದ ಕೈ, ಸೋಸಿದ ಬಟ್ಟೆ, ಹಸಿಯಾಗಿಯೇ ಬೆರೆಸಿದ ಲೋಳೆಸರ, ತೊಳೆದು ಒಣಗದ ಬಾಟಲಿ ಇವೆಲ್ಲ ಹೊಸ ಬೀಜ ಬಿತ್ತಿದವು. ಬ್ಯಾಕ್ಟೀರಿಯಾದ ಬೀಜಕಣಗಳಂತೂ ಕುದಿಯುವ ನೀರಿಗೂ ಜಗ್ಗುವುದಿಲ್ಲ. "ವಾಸನೆ ಬಂದ್ರೆ ಚೆಲ್ತೀವಿ" ಎಂಬುದು ಎರಡನೆಯದು. ಒಂದು ಮಿಲಿಲೀಟರಿನಲ್ಲಿ ಹತ್ತು ಲಕ್ಷ ಬ್ಯಾಕ್ಟೀರಿಯಾ ಇದ್ದರೂ ದ್ರವ ಕಣ್ಣಿಗೆ ತಿಳಿಯಾಗಿಯೇ ಕಾಣಬಹುದು. ಮೂಗಿಗೆ ಗೊತ್ತಾಗುವ ಹೊತ್ತಿಗೆ ಎಷ್ಟೋ ಸ್ನಾನ ಮುಗಿದಿರುತ್ತದೆ. ಅದರ ಮೇಲೆ ಲ್ಯಾವೆಂಡರ್ ಸುರಿದು ಆ ಮೂಗನ್ನೂ ಕಟ್ಟಿ ಹಾಕಿದ್ದೀರಿ. "ಫ್ರಿಜ್‌ನಲ್ಲಿ ಇಡ್ತೀವಿ" ಎಂಬುದು ಮೂರನೆಯದು. ಫ್ರಿಜ್ಜು ಬೆಳವಣಿಗೆಯನ್ನು ನಿಧಾನ ಮಾಡುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಎರಡು ದಿನದ ಬಳಕೆಗಾದರೆ ಒಪ್ಪೋಣ, ಎರಡು ತಿಂಗಳಿಗೆ ಖಂಡಿತ ಇಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಸ್ವಾರಸ್ಯದ್ದು: ನೊರೆ ಬರುವುದರಲ್ಲಿ ಕ್ರಿಮಿ ಹೇಗೆ ಬದುಕೀತು? ಚೆನ್ನಾಗಿಯೇ ಬದುಕುತ್ತದೆ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ನೀರು ಬೆರೆತ ಸೋಪು, ಶಾಂಪೂಗಳೆಂದರೆ ತವರುಮನೆ. ಮತ್ತೆ ಮತ್ತೆ ತುಂಬಿಸುವ ದ್ರವಸೋಪಿನ ಡಬ್ಬಿಗಳಿಂದ ಆಸ್ಪತ್ರೆಗಳಲ್ಲೇ ಸೋಂಕು ಹಬ್ಬಿದ ವರದಿಗಳಿವೆ. ಅದಕ್ಕೇ ಆಸ್ಪತ್ರೆಯ ಸೋಂಕು ನಿಯಂತ್ರಣದ ಸಿಬ್ಬಂದಿ ಅರ್ಧ ಖಾಲಿಯಾದ ಸೋಪಿನ ಬಾಟಲಿಗೆ ಮೇಲಿಂದ ಹೊಸದನ್ನು ಸುರಿಯಬೇಡಿ ಎಂದು ಹೇಳುತ್ತಲೇ ಇರುತ್ತಾರೆ.

ಇನ್ನು ಆ ವಿಟಮಿನ್ ಇ. "ಇದು ನ್ಯಾಚುರಲ್ ಪ್ರಿಸರ್ವೇಟಿವ್" ಎಂದು ಎಷ್ಟು ಜನ ಎಷ್ಟು ಧೈರ್ಯವಾಗಿ ಹೇಳುತ್ತಾರೆ! ವಿಟಮಿನ್ ಇ ಮಾಡುವುದು ಒಂದೇ ಕೆಲಸ, ಎಣ್ಣೆ ಗಾಳಿಗೆ ಸಿಕ್ಕಿ ಕಮಟಾಗುವುದನ್ನು ತಡೆಯುವುದು. ಬ್ಯಾಕ್ಟೀರಿಯಾ, ಬೂಷ್ಟುಗಳಿಗೂ ಅದಕ್ಕೂ ಯಾವ ಜಗಳವೂ ಇಲ್ಲ. ಸ್ವಲ್ಪ ಹೆಚ್ಚು ಓದಿಕೊಂಡವರು ಗ್ರೇಪ್‌ಫ್ರೂಟ್ ಬೀಜದ ಸತ್ವವನ್ನು ಹಾಕಿ ಎನ್ನುತ್ತಾರೆ. 1999ರಲ್ಲಿ ಜರ್ಮನಿಯ ಸಂಶೋಧಕರು ಅಂಗಡಿಯಲ್ಲಿ ಸಿಗುವ ಅಂಥ ಆರು ಸತ್ವಗಳನ್ನು ಪರೀಕ್ಷೆಗೆ ಒಡ್ಡಿದರು. ಐದು ಚೆನ್ನಾಗಿ ಕ್ರಿಮಿ ಕೊಂದವು. ಆ ಐದರಲ್ಲೂ ಬೆಂಜೆಥೋನಿಯಮ್ ಕ್ಲೋರೈಡ್ ಎಂಬ ಕಾರ್ಖಾನೆಯ ಪ್ರಿಸರ್ವೇಟಿವ್ ಸಿಕ್ಕಿತು. ಅದು ಇಲ್ಲದ ಆರನೆಯದೂ, ಸಂಶೋಧಕರೇ ಹಣ್ಣು ತಂದು ಬೀಜ ಜಜ್ಜಿ ತೆಗೆದ ಸತ್ವವೂ ಒಂದು ಕ್ರಿಮಿಯನ್ನೂ ತಡೆಯಲಿಲ್ಲ. ಕೆಮಿಕಲ್‌ಗೆ ಹೆದರಿ ಓಡಿದವರ ಕೈಗೆ ಅದೇ ಕೆಮಿಕಲ್ ಹಣ್ಣಿನ ಚಿತ್ರದ ಸೀಸೆಯಲ್ಲಿ ಬಂದು ಕೂತಿತ್ತು.

ಹಾಗಾದರೆ ಸೋಡಿಯಂ ಬೆಂಜೋಯೇಟನ್ನೇ ತಂದು ಚಿಟಿಕೆ ಹಾಕೋಣವೆಂದರೆ ಅದಕ್ಕೂ ಲೆಕ್ಕಾಚಾರ ಬೇಕು. ಬೆಂಜೋಯೇಟ್ ಕೆಲಸ ಮಾಡುವುದು ಹುಳಿಯಲ್ಲಿ, ಪಿಎಚ್ 5ಕ್ಕಿಂತ ಕೆಳಗೆ. ಶರಬತ್ತಿನಲ್ಲಿ ಅದು ಸಾಧುವಾಗಿ ದುಡಿಯುವುದು ಅದಕ್ಕೇ. ಅಂಟುವಾಳದ ಬದಲು ಆಲಿವ್ ಎಣ್ಣೆಯ ಕ್ಯಾಸ್ಟೈಲ್ ಸೋಪನ್ನು ತುರಿದು ಕರಗಿಸುವ ಇನ್ನೊಂದು ಪಂಗಡವಿದೆಯಲ್ಲ, ಆ ದ್ರಾವಣದ ಪಿಎಚ್ 9ರಿಂದ 10. ಅಲ್ಲಿ ಬೆಂಜೋಯೇಟ್ ಇದ್ದೂ ಇಲ್ಲದಂತೆ. ಅಂದಹಾಗೆ, ಎಷ್ಟೇ ಸಾತ್ವಿಕವಾದ ಎಣ್ಣೆಯಿಂದ ಮಾಡಿದರೂ ಸೋಪು ಸೋಪೇ, ಕ್ಷಾರವೇ. ಹುಟ್ಟಿದ ಮಗುವಿನ ಚರ್ಮ ಮೊದಮೊದಲು ಹೆಚ್ಚುಕಡಿಮೆ ತಟಸ್ಥವಾಗಿದ್ದು, ಮುಂದಿನ ಕೆಲವು ವಾರಗಳಲ್ಲಿ ಪಿಎಚ್ 5ರ ಆಸುಪಾಸಿನ ಹುಳಿಗೆ ಇಳಿಯುತ್ತದೆ. ಆ ಹುಳಿಯೇ ಅದರ ಕಾವಲು. ಅದು ಮೂಡುತ್ತಿರುವ ಹೊತ್ತಿನಲ್ಲೇ ನಾವು ದಿನಕ್ಕೊಂದು ಸಲ ಕ್ಷಾರ ಹಚ್ಚಿ ತೊಳೆದು, ಅದಕ್ಕೆ 'ಜೆಂಟಲ್' ಎಂದು ಹೆಸರಿಡುತ್ತೇವೆ.

ದೊಡ್ಡವರಿಗೆ ಇಂಥ ಬಾಟಲಿಯಿಂದ ಬಹುಶಃ ಏನೂ ಆಗದು. ಮಗುವಿನ ಲೆಕ್ಕ ಬೇರೆ. ಎಳೆಮಕ್ಕಳ ಚರ್ಮದ ಹೊರಪದರ ನಮ್ಮದಕ್ಕಿಂತ ಸುಮಾರು ಶೇ. 30ರಷ್ಟು ತೆಳು. ತೂಕಕ್ಕೆ ಹೋಲಿಸಿದರೆ ಮೈಯ ವಿಸ್ತಾರ ಹೆಚ್ಚು, ಹಾಗಾಗಿ ಹಚ್ಚಿದ್ದು ಒಳಗಿಳಿಯುವ ಪ್ರಮಾಣವೂ ಹೆಚ್ಚು. ಹೊಕ್ಕುಳಬಳ್ಳಿ ಒಣಗಿ ಬೀಳಲು ಒಂದೆರಡು ವಾರ ಬೇಕು. ಅಲ್ಲಿಯವರೆಗೆ ಅದು ಸೋಂಕಿಗೆ ತೆರೆದ ಬಾಗಿಲು. ತೊಡೆ ಸಂದಿ, ಕತ್ತಿನ ಮಡಿಕೆಗಳಲ್ಲಿ ಗಂಜಿ ಉಳಿದರೆ ಅಲ್ಲೂ ಹುದುಗುವ ಕೆಲಸ ನಡೆಯುತ್ತದೆ. ಕಣ್ಣನ್ನಂತೂ ಕೇಳಲೇಬೇಡಿ. ಅಂಟುವಾಳ, ಸೀಗೆಕಾಯಿಗಳಲ್ಲಿ ನೊರೆ ಬರಿಸುವುದು ಸಪೋನಿನ್. ಜಿಡ್ಡು ಬಿಡಿಸುವುದರಲ್ಲಿ ಅದು ಅಂಗಡಿಯ ಶಾಂಪೂವಿನ ಖಾಸಾ ದಾಯಾದಿ, ಕಣ್ಣು ಉರಿಸುವುದರಲ್ಲಿ ಶಾಂಪೂವಿಗೂ ಒಂದು ಕೈ ಮೇಲು. ಎಣ್ಣೆಸ್ನಾನದ ದಿನ ಸೀಗೆಪುಡಿ ಕಣ್ಣಿಗೆ ಬಿದ್ದು ಅತ್ತ ಯಾರನ್ನು ಬೇಕಾದರೂ ಕೇಳಿ.

"ನಮ್ಮ ಅಜ್ಜಿ ಇದನ್ನೇ ಮಾಡ್ತಿದ್ರು" ಎಂಬ ಮಾತು ಇಷ್ಟು ಹೊತ್ತಿಗೆ ಬಂದೇ ಬಂದಿರುತ್ತದೆ. ಮಾಡುತ್ತಿರಲಿಲ್ಲ. ಬಾಣಂತಿ ಮನೆಯ ಸ್ನಾನವನ್ನು ನೋಡಿದವರಿಗೆ ಗೊತ್ತು. ನೀರು ಹಾಕುವಾಕೆ ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ, ಮಗುವನ್ನು ಕಾಲುಗಳ ಮೇಲೆ ಬೋರಲು ಮಲಗಿಸಿಕೊಳ್ಳುವಳು. ಪಕ್ಕದಲ್ಲಿ ಒಂದು ಬಟ್ಟಲು ಕಡಲೆಹಿಟ್ಟೋ ಹೆಸರುಹಿಟ್ಟೋ, ಒಣಗಿದ್ದು. ಅದರಿಂದ ಅಂಗೈಯಷ್ಟು ತೆಗೆದು, ಹಂಡೆಯ ಬಿಸಿನೀರಲ್ಲಿ ಕಲಸಿ, ಮೈಯ ಎಣ್ಣೆ ಬಿಡಿಸಿ, ಉಳಿದದ್ದನ್ನು ಬಚ್ಚಲಿಗೆ ಚೆಲ್ಲಿಬಿಡುವಳು. ನಾಳೆಗೆ ಎಂದು ಎತ್ತಿಟ್ಟವಳಲ್ಲ. ಒಣಗಿದ ಪುಡಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯಲು ನೀರಿಲ್ಲ, ಹಸಿ ಕಲಸಿದ್ದು ಕೆಡಲು ಹೊತ್ತಿಲ್ಲ. ಸೂಕ್ಷ್ಮಜೀವಿಶಾಸ್ತ್ರ ಓದದೆಯೂ ಆಕೆಯ ಪದ್ಧತಿಯಲ್ಲಿ ಪ್ರಿಸರ್ವೇಟಿವ್‌ನ ಅಗತ್ಯವೇ ಬೀಳುತ್ತಿರಲಿಲ್ಲ. ಪಂಪ್ ಬಾಟಲಿ ಬೇಕು, ಸುವಾಸನೆ ಬೇಕು, ತಿಂಗಳಿಗೊಮ್ಮೆ ಮಾಡಿಟ್ಟರೆ ಮುಗಿಯಬೇಕು ಎಂಬುದೆಲ್ಲ ಸೂಪರ್‌ಮಾರ್ಕೆಟ್ ನಮಗೆ ಹಚ್ಚಿದ ಚಾಳಿ. ಆ ಚಾಳಿಯನ್ನು ಉಳಿಸಿಕೊಂಡು, ಅದನ್ನು ಸುರಕ್ಷಿತವಾಗಿಡುವ ಪ್ರಿಸರ್ವೇಟಿವ್ ಒಂದನ್ನೇ ಕಿತ್ತುಹಾಕಿ, ಮೇಲೆ ಅಜ್ಜಿಯ ಹೆಸರು ಅಂಟಿಸುವುದು ಅಜ್ಜಿಗೂ ಮಾಡುವ ಅನ್ಯಾಯ.

ಇದರ ತಂಗಿಯಂಥ ಇನ್ನೊಂದು ನಂಬಿಕೆ: ತಿನ್ನಬಹುದಾದದ್ದನ್ನೆಲ್ಲ ಹಚ್ಚಬಹುದು. ಹೊಟ್ಟೆಯೂ ಚರ್ಮವೂ ಆಹಾರವನ್ನು ಒಂದೇ ಕಣ್ಣಿನಿಂದ ನೋಡುವುದಿಲ್ಲ. ಬಿರುಕುಬಿಟ್ಟ, ಕಜ್ಜಿಯಾದ ಚರ್ಮದ ಮೂಲಕ ಒಳಹೊಕ್ಕ ಆಹಾರದ ಪ್ರೋಟೀನನ್ನು ದೇಹ ಶತ್ರುವೆಂದು ಗುರುತಿಟ್ಟುಕೊಳ್ಳಬಹುದು. 2003ರಲ್ಲಿ ಬ್ರಿಟನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಕಡಲೆಕಾಯಿ ಎಣ್ಣೆ ಇರುವ ಮುಲಾಮನ್ನು ಉರಿಬಿದ್ದ ಚರ್ಮಕ್ಕೆ ಹಚ್ಚಿದ ಮಕ್ಕಳಲ್ಲಿ ಮುಂದೆ ಕಡಲೆಕಾಯಿ ಅಲರ್ಜಿ ಹೆಚ್ಚು ಕಂಡದ್ದನ್ನು ತೋರಿಸಿದರು. ಜಪಾನಿನಲ್ಲಿ ಗೋಧಿ ಪ್ರೋಟೀನ್ ಬೆರೆಸಿದ ಒಂದು ಮುಖದ ಸೋಪನ್ನು 2011ರಲ್ಲಿ ಹಿಂದಕ್ಕೆ ಪಡೆಯಬೇಕಾಯಿತು. ಅದನ್ನು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿ ಅಲರ್ಜಿ ಬಂದಿತ್ತು, ಅಲ್ಲಿಯತನಕ ಬ್ರೆಡ್ಡು ನೂಡಲ್ಸು ತಿಂದುಕೊಂಡು ಹಾಯಾಗಿದ್ದವರಿಗೆ. ಮಗುವಿನ ಮೈ ಕೆಂಪಾಗಿ ಒರಟಾಗಿದ್ದರೆ ಬಾದಾಮಿ, ಹಾಲಿನಕೆನೆ, ಕಡಲೆಹಿಟ್ಟನ್ನು ತಟ್ಟೆಗೆ ಬಿಡಿ.

ಉಳಿದವಕ್ಕೆ ಒಂದೊಂದು ಮಾತು ಸಾಕು. ಹಿಟ್ಟು, ಕೇಸರಿ, ಕೆನೆ ಯಾವುದರಿಂದಲೂ ಮಗು ಬೆಳ್ಳಗಾಗುವುದಿಲ್ಲ; ಬಣ್ಣ ಅಪ್ಪ ಅಮ್ಮನ ಕಡೆಯಿಂದ ಬಂದದ್ದು, ಹುಟ್ಟಿದ ಮೇಲಿನ ವಾರಗಳಲ್ಲಿ ತುಸು ಗಾಢವಾಗುವುದು ಸಹಜ. ಹಿಟ್ಟು ಉಜ್ಜಿದ್ದರಿಂದ ಉದುರಿತು ಎನ್ನುವ ಮೈಕೂದಲು ಉಜ್ಜದಿದ್ದರೂ ಕೆಲವೇ ವಾರಗಳಲ್ಲಿ ಉದುರುತ್ತದೆ. ಪೇಟೆಯ ಅರಿಶಿನ ಪುಡಿ ಹಳದಿಯಾಗಿದ್ದಷ್ಟೂ ಶುದ್ಧವೆಂದುಕೊಳ್ಳಬೇಡಿ, ಬಾಂಗ್ಲಾದೇಶದಲ್ಲಿ ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸಿದ್ದನ್ನು 2019ರಲ್ಲಿ ಸಂಶೋಧಕರು ಪತ್ತೆಹಚ್ಚಿದರು. ನಿಂಬೆರಸ ಮೆತ್ತಿ ಬಿಸಿಲಿಗೆ ಒಡ್ಡಿದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳಬಹುದು. ಅಡುಗೆ ಸೋಡಾ ಚರ್ಮದಿಂದ ಒಳಗಿಳಿದು ರಕ್ತದ ಆಮ್ಲ-ಕ್ಷಾರದ ಸಮತೋಲವನ್ನೇ ಕೆಡಿಸಿದ ಪ್ರಕರಣ ವೈದ್ಯಕೀಯ ದಾಖಲೆಯಲ್ಲಿದೆ. ಶೀತಕ್ಕೆಂದು ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಹಸುಗೂಸಿನ ಎದೆಗೆ ತಿಕ್ಕುವುದನ್ನು ಇವತ್ತೇ ನಿಲ್ಲಿಸಿ, ಕರ್ಪೂರ ಮಗುವಿಗೆ ಫಿಟ್ಸ್ ಬರಿಸಬಲ್ಲದು. ಸ್ನಾನವಾದ ಮೇಲಿನ ಸಾಂಬ್ರಾಣಿ ಹೊಗೆ ಕೂದಲನ್ನು ಒಣಗಿಸುವುದಕ್ಕಿಂತ ಎಳೆ ಶ್ವಾಸಕೋಶಕ್ಕೆ ಹೊಗೆ ತುಂಬುವುದೇ ಹೆಚ್ಚು.

ಇಷ್ಟಾದ ಮೇಲೆ ಕೊನೆಯ ಬಾಣ ಬರುತ್ತದೆ: "ನಾವೆಲ್ಲ ಹಾಗೇ ಬೆಳೆದಿಲ್ವಾ?" ಬೆಳೆದೆವು, ಬೆಳೆದವರು ಮಾತ್ರ ಈ ಪ್ರಶ್ನೆ ಕೇಳಲು ಉಳಿದಿದ್ದೇವೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು ನೂರೈವತ್ತು ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ಈಗ ಆ ಸಂಖ್ಯೆ ಮೂವತ್ತಕ್ಕಿಂತ ಕಡಿಮೆ. ಆ ಸಾವುಗಳಿಗೆ ಸ್ನಾನದ ಹಿಟ್ಟು ಕಾರಣ ಎಂದು ನಾನು ಹೇಳುತ್ತಿಲ್ಲ. ಹಳೆಯ ಕಾಲದ ಬಾಣಂತನವೆಲ್ಲ ಸುಸೂತ್ರವಾಗಿತ್ತು ಎಂಬ ನೆನಪು ಅರ್ಧ ಕತೆ ಎಂದಷ್ಟೇ ಹೇಳುತ್ತಿದ್ದೇನೆ.

ಕಾರ್ಖಾನೆಗಳೇನು ಸಾಚಾ ಅಲ್ಲ. 1972ರಲ್ಲಿ ಫ್ರಾನ್ಸಿನಲ್ಲಿ ಹೆಕ್ಸಾಕ್ಲೊರೋಫೀನ್ ತಪ್ಪಿ ಬೆರೆತ ಮಕ್ಕಳ ಪೌಡರಿನಿಂದ 36 ಜೀವ ಹೋಯಿತು. ಮೀಥೈಲ್ ಐಸೋಥಿಯಾಜೋಲಿನೋನ್ ಎಂಬ ಪ್ರಿಸರ್ವೇಟಿವ್ ಅಲರ್ಜಿ ತರುತ್ತದೆಂದು ಗೊತ್ತಾದ ಮೇಲೆ, ಹಚ್ಚಿ ಹಾಗೇ ಬಿಡುವ ಕ್ರೀಮುಗಳಲ್ಲಿ ಅದನ್ನು ಬಳಸಕೂಡದೆಂದು ಯುರೋಪಿನಲ್ಲಿ ನಿಷೇಧಿಸಿದರು. ಆದರೆ ಈ ಎರಡೂ ಬಯಲಿಗೆ ಬಂದದ್ದು ಯಾರೋ ಪರೀಕ್ಷಿಸಿ, ಲೆಕ್ಕ ಹಾಕಿದ್ದರಿಂದ. ಅಡುಗೆಮನೆಯ ಬಾಟಲಿಗೆ ಲೇಬಲ್ಲೂ ಇಲ್ಲ, ತಯಾರಿಸಿದ ದಿನಾಂಕವೂ ಇಲ್ಲ, ಮಗುವಿನ ಮೈಮೇಲೆ ಗುಳ್ಳೆ ಎದ್ದರೆ ಕೇಳುವವರೂ ಇಲ್ಲ. ಆಗ ಗುಳ್ಳೆಗೆ ದೃಷ್ಟಿಯೋ ಹಲ್ಲು ಬರುವುದೋ ಕಾರಣವಾಗುತ್ತದೆ, ಬಾಟಲಿ ನಿರ್ದೋಷಿಯಾಗಿಯೇ ಉಳಿಯುತ್ತದೆ. ಕಂಪನಿ ಹೇಳಿದ್ದನ್ನು ನೂರು ಸಲ ಅನುಮಾನಿಸುವ ನಾವು, ಪರಿಚಯವಿಲ್ಲದ ಒಬ್ಬರು ಸೀರೆಯುಟ್ಟು ಒಲೆಯ ಮುಂದೆ ನಿಂತು ಹೇಳಿದರೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ. ಆ ವೀಡಿಯೊ ಅವರ ದುಡಿಮೆ, ಹೆಚ್ಚು ಜನ ನೋಡಿದಷ್ಟೂ ಹೆಚ್ಚು ವರಮಾನ ಎಂಬುದು ಹೊಳೆಯುವುದೂ ಇಲ್ಲ.

ಹಾಗಾದರೆ ಮಗುವಿಗೆ ಏನು ಹಚ್ಚಬೇಕು? ಬಹುಪಾಲು ದಿನ, ಏನೂ ಇಲ್ಲ. ಹುಟ್ಟಿದ ಮೊದಲ 24 ಗಂಟೆ ಸ್ನಾನವೇ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಮೇಲೂ ಮೊಣಕೈ ಇಳಿಸಿ ನೋಡಿದರೆ ಹಿತವೆನಿಸುವಷ್ಟು ಬೆಚ್ಚಗಿನ ನೀರು ಸಾಕು. ಹಾಲು ಕುಡಿದು ಮಲಗಿರುವ ಕೂಸು ಯಾವ ಗದ್ದೆಯಲ್ಲಿ ಕೆಸರು ತುಳಿದು ಬಂದಿದೆ? ಮಲ ಅಂಟಿದ ಕಡೆ, ಕತ್ತು ಕಂಕುಳ ಸಂದಿಗೆ ಬೇಕಿದ್ದರೆ ವಾಸನೆಯಿಲ್ಲದ, ಪಿಎಚ್ 5.5ರ ಆಸುಪಾಸಿನ ಮಕ್ಕಳ ಕ್ಲೆನ್ಸರ್ ಒಂದೆರಡು ಹನಿ. ಸಂದಿಗಳನ್ನು ಒತ್ತಿ ಒರೆಸಿ ಒಣಗಿಸಿ. ಹಿಟ್ಟು ಬಿಡಲಾರೆವು ಎನ್ನುವವರು, ಮಗುವಿನ ಚರ್ಮ ಚೆನ್ನಾಗಿದ್ದರೆ, ಬಾಣಂತಿ ಮನೆಯ ಕ್ರಮವನ್ನು ಪೂರ್ತಿ ಪಾಲಿಸಿ: ನುಣ್ಣಗೆ ಜರಡಿ ಹಿಡಿದ ಒಣ ಹಿಟ್ಟು, ಆ ಹೊತ್ತಿಗೆ ಬೇಕಾದಷ್ಟೇ ಕಲಸುವುದು, ಉಜ್ಜದೆ ಸವರುವುದು, ಉಳಿದದ್ದನ್ನು ಚೆಲ್ಲುವುದು. ಮನೆಯಲ್ಲಿ ಈಗಾಗಲೇ ಆ ಬಾಟಲಿ ಇದ್ದರೆ ಅದನ್ನೂ ಚೆಲ್ಲಿ. ಮುಂದಿನ ಸಲ ಯಾರಾದರೂ ಹೊಸ ಪಾಕವಿಧಾನ ಕಳಿಸಿದರೆ ಅದರಲ್ಲಿ ಏನೇನಿಲ್ಲ ಎಂದು ಕೇಳಬೇಡಿ. ನೀರು ಬೆರೆತ ಮೇಲೆ ಅದು ಎಷ್ಟು ದಿನಕ್ಕೆ ಕೆಡುತ್ತದೆ ಎಂದು ಕೇಳಿ. ಕೆಡುವುದೇ ಇಲ್ಲ ಎಂದರೆ, ಒಂದೋ ಅದರಲ್ಲಿ ಹೇಳದೆ ಬಚ್ಚಿಟ್ಟದ್ದು ಏನೋ ಇದೆ, ಇಲ್ಲವೇ ಹೇಳುವವರಿಗೆ ಏನೂ ಗೊತ್ತಿಲ್ಲ.